ನಾನೂರು ಜನ ನೋಡಿದ ಹುಳ

ಹದಿನೈದು ನಿಮಿಷದಲ್ಲಿ ನಿಮ್ಮದೇ ಬ್ಲಾಗ್ ಕಟ್ಟಿಕೊಳ್ಳಿ ಎಂದು ಆ ಕೈಪಿಡಿಯ ಮೊದಲ ಪುಟದಲ್ಲೇ ಬರೆದಿತ್ತು. ನನಗೆ ಹನ್ನೊಂದು ತಿಂಗಳು ಹಿಡಿಯಿತು. ಬರೆದವರು ಸುಳ್ಳು ಹೇಳಿದ್ದರೆಂದು ನಾನು ದೂರುವುದಿಲ್ಲ. ಅವರ ಊರಿನಲ್ಲಿ ಹದಿನೈದು ನಿಮಿಷ ಒಂದೇ ಸಮನೆ ಕರೆಂಟ್ ಇರುತ್ತಿತ್ತೇನೋ.

ಎರಡು ಸಾವಿರದ ಇಸವಿ ಕಳೆದು ಆರೇಳು ವರ್ಷವಾಗಿದ್ದ ಕಾಲ. ಹಾರೋಹಳ್ಳಿಯ ಸುತ್ತ ಫ್ಯಾಕ್ಟರಿಗಳು ಒಂದೊಂದಾಗಿ ಏಳುತ್ತಿದ್ದವು, ಸುತ್ತಲ ಊರುಗಳಿಂದ ಮನೆಗೊಬ್ಬರಂತೆ ನೀಲಿ ಅಂಗಿ ತೊಟ್ಟು ಅಲ್ಲಿಗೆ ಹೋಗುತ್ತಿದ್ದರು. ನಮ್ಮ ಮನೆಯಿಂದ ನಾನು. ಸಾತನೂರು ರಸ್ತೆಯಲ್ಲಿರುವ ನಮ್ಮೂರಿನಿಂದ ಬಸ್ಸು ಹತ್ತಿ, ಕನಕಪುರದಲ್ಲಿ ಇಳಿದು ಇನ್ನೊಂದು ಹಿಡಿದು, ಫ್ಯಾಕ್ಟರಿಯ ಗೇಟು ಮುಟ್ಟುವಷ್ಟರಲ್ಲಿ ಅಂಗಿಯ ಇಸ್ತ್ರಿ ಬಸ್ಸಿನಲ್ಲೇ ಉಳಿದಿರುತ್ತಿತ್ತು. ಅಲ್ಲಿ ಸ್ಟೋರ್ಸ್ ವಿಭಾಗದ ಕಂಪ್ಯೂಟರಿನ ಮುಂದೆ ಕೂರುವುದು ನನ್ನ ಕೆಲಸ. ಊರಿನಲ್ಲಿ ನನ್ನನ್ನು ಕಂಪ್ಯೂಟರ್‌ನವನು ಎನ್ನುತ್ತಿದ್ದರು. ಟಿವಿ ಕೆಟ್ಟರೂ ನನ್ನನ್ನೇ ಕರೆಯುತ್ತಿದ್ದರು.

ಆ ಕಂಪ್ಯೂಟರ್ ಕೈಕೊಟ್ಟಾಗ ಬೆಂಗಳೂರಿನಿಂದ ಒಬ್ಬ ಇಂಜಿನಿಯರ್ ಬರುತ್ತಿದ್ದರು. ಒಂದು ಸಲ ಊಟದ ಹೊತ್ತಿನಲ್ಲಿ ನನಗೊಂದು ಸಿಡಿ ಕೊಟ್ಟು, ಇದರಲ್ಲಿ ವೆಬ್ ಫ್ರೇಮ್‌ವರ್ಕ್ ಇದೆ, ಅದರ ಕೈಪಿಡಿಯೂ ಇದೆ, ಓಪನ್ ಸೋರ್ಸ್, ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಒಳಗೆ ಏನಿದೆಯೆಂದು ಬಿಚ್ಚಿ ನೋಡಬಹುದು, ತಿದ್ದಬಹುದು, ಬೇರೆಯವರಿಗೂ ಕೊಡಬಹುದು ಎಂದರು. ಬಿಟ್ಟಿ ಸಿಕ್ಕಿದರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎಂಬ ಜಾತಿಯವನು ನಾನು. ಇಸಿದುಕೊಂಡೆ. ಫ್ರೇಮ್‌ವರ್ಕ್ ಎಂದರೆ ಮನೆಯಲ್ಲ, ಮನೆಯ ಕಂಬ, ತೊಲೆ, ಜಂತೆ. ಗೋಡೆ ನಾವೇ ಎತ್ತಬೇಕು, ಹೆಂಚು ನಾವೇ ಹೊದಿಸಬೇಕು. ಇದು ನನಗೆ ತಿಳಿದದ್ದು ಕಂಬ ನೆಟ್ಟ ಮೇಲೆ.

ಕೇಳಿದ ತಕ್ಷಣ ಬ್ಲಾಗ್ ಕೊಡುವ ಸಿದ್ಧ ತಾಣಗಳು ಆಗಲೇ ಇದ್ದವು. ಹೆಸರು ಬರೆದರೆ ಸಾಕು, ಅದೇ ಗಳಿಗೆಯಲ್ಲಿ ಬರೆಯಲು ಶುರು ಮಾಡಬಹುದಿತ್ತು. ಆದರೆ ನಾನು ರೇಷ್ಮೆಯವರ ಮನೆಯವನು. ಸ್ವಂತ ಹಿಪ್ಪುನೇರಳೆ ತೋಟವಿಲ್ಲದೆ ಬೇರೆಯವರ ಹೊಲದ ಸೊಪ್ಪು ಕೊಂಡು ಹುಳ ಸಾಕುವವರನ್ನು ಕಂಡರೆ ನಮ್ಮ ಕಡೆ ಒಂದು ಸಣ್ಣ ತಾತ್ಸಾರ. ಸಿದ್ಧ ಬ್ಲಾಗಿನಲ್ಲಿ ಬರೆಯುವುದೂ ನನಗೆ ಹಾಗೇ ಕಂಡಿತು. ಬೆಟ್ಟ ಅಗೆದು ಇಲಿ ಹಿಡಿಯುವುದಾದರೂ ಬೆಟ್ಟ ನಾನೇ ಅಗೆಯುತ್ತೇನೆ ಎಂದು ತೀರ್ಮಾನಿಸಿದೆ.

ವಾರದ ರಜೆಯ ದಿನ ಕನಕಪುರದ ಸೈಬರ್ ಸೆಂಟರಿನಲ್ಲಿ ಕೂತು ಅಗೆದೆ. ಮೊದಲ ತಿಂಗಳು ಅದು ಕಂಪ್ಯೂಟರಿನಲ್ಲಿ ಏಳಲೇ ಇಲ್ಲ. ಎರಡನೇ ತಿಂಗಳು ಎದ್ದಿತು, ಆದರೆ ನಾನು ಬರೆದ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಬಂದಿತು. ನನ್ನ ಮೊದಲ ಬರಹ ಹೀಗಾಗಿ ಮುನ್ನೂರು ಪ್ರಶ್ನೆಗಳ ಒಂದು ಪುಟ. ಡೇಟಾಬೇಸಿಗೆ ಕನ್ನಡ ಕಲಿಸುವುದರಲ್ಲಿ ಒಂದು ಬೇಸಿಗೆ ಕಳೆಯಿತು. ಅಷ್ಟರಲ್ಲಿ ಫ್ರೇಮ್‌ವರ್ಕಿನ ಹೊಸ ಆವೃತ್ತಿ ಬಂದು, ನಾನು ಕಟ್ಟಿದ ಗೋಡೆ ಅದರ ಕಂಬಕ್ಕೆ ಕೂರಲಿಲ್ಲ. ಎಲ್ಲ ಬಿಚ್ಚಿ ಮತ್ತೆ ಕಟ್ಟಿದೆ. ಹೀಗೆ ಮೂರು ಸಲ. ಕೊನೆಗೆ ಇಂಜಿನಿಯರ್ ತಮ್ಮ ಸರ್ವರಿನಲ್ಲಿ ಒಂದು ಮೂಲೆ ಕೊಟ್ಟರು. ಹನ್ನೊಂದನೇ ತಿಂಗಳು ನನ್ನ ಬ್ಲಾಗ್ ಲೋಕಕ್ಕೆ ಕಂಡಿತು. ಲೋಕ ಆ ಕಡೆ ತಿರುಗಿ ನೋಡಲಿಲ್ಲ.

ನೋಡಲಿಲ್ಲ ಎಂಬುದು ನನಗೆ ಖಚಿತವಾಗಿ ಗೊತ್ತು, ಏಕೆಂದರೆ ಎಷ್ಟು ಜನ ನೋಡಿದರು ಎಂದು ತೋರಿಸುವ ಕೌಂಟರನ್ನೂ ನಾನೇ ಬರೆದು ಪುಟದ ತಲೆಯ ಮೇಲೆ ಕೂರಿಸಿದ್ದೆ. ಮೂರು ವಾರದಲ್ಲಿ ಅದು ಹನ್ನೊಂದಕ್ಕೆ ಬಂತು. ಒಂಬತ್ತು ಸಲ ನಾನು, ಒಂದು ಸಲ ಇಂಜಿನಿಯರ್. ಉಳಿದ ಒಬ್ಬರು ಯಾರೆಂದು ಬಹಳ ದಿನ ಯೋಚಿಸಿದೆ.

ನನ್ನ ಮೊದಲ ಆರು ಬರಹಗಳು ಈ ಬ್ಲಾಗನ್ನು ನಾನು ಹೇಗೆ ಕಟ್ಟಿದೆ ಎಂಬುದರ ಬಗ್ಗೆ ಇದ್ದವು. ಏಳನೆಯದು, ಬ್ಲಾಗ್ ಕಟ್ಟಿದ ಮೇಲೆ ಏನು ಬರೆಯಬೇಕೆಂದು ತೋಚುತ್ತಿಲ್ಲ ಎಂಬುದರ ಬಗ್ಗೆ. ಎಂಟನೆಯದಕ್ಕೆ ನಿಜವಾಗಿಯೂ ಏನಾದರೂ ಬೇಕಾಗಿತ್ತು. ಆಗ ನನ್ನ ಕಣ್ಣು ಹುಳದ ಮನೆಯ ಮೇಲೆ ಬಿತ್ತು.

ಹುಳದ ಮನೆ ಅವ್ವನ ರಾಜ್ಯ. ಅಪ್ಪ ತೋಟ ನೋಡಿಕೊಳ್ಳುತ್ತಿದ್ದ, ಬಾಗಿಲ ತನಕ ಸೊಪ್ಪು ತಂದು ಹಾಕುತ್ತಿದ್ದ, ಅಷ್ಟೆ. ಮರಿ ಹುಳ ತಂದ ದಿನದಿಂದ ಗೂಡು ಬಿಡಿಸುವ ದಿನದವರೆಗೆ ಒಳಗಿನದೆಲ್ಲ ಅವಳದು. ಅವಳ ಕೈಯಲ್ಲಿ ಬೆಳೆ ಕೆಟ್ಟದ್ದನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ. ಅವಳ ಕೈಗುಣ ಅಂಥದ್ದು ಎಂದು ಜನ ನಂಬಿದ್ದರು. ಬೇರೆ ಮನೆಗಳಲ್ಲಿ ಹುಳ ತಂದಾಗ ಮೊದಲ ಹಿಡಿ ಸೊಪ್ಪು ಹಾಕಲು ಇವಳನ್ನು ಕರೆದೊಯ್ಯುತ್ತಿದ್ದರು. ಅವ್ವ ಬೇರೆ ಒಡವೆ ಹಾಕಿಕೊಂಡವಳಲ್ಲ. ಆ ಕರೆಗೆ ಹೊರಡುವಾಗ ಮಾತ್ರ ಒಗೆದ ಸೀರೆ ಉಟ್ಟು, ತಲೆ ಬಾಚಿ, ಬೀದಿಯ ನಡುವೆ ನಡೆಯುತ್ತಿದ್ದಳು. ಆ ಹೆಸರೇ ಅವಳ ಒಡವೆ.

ಅವಳ ಕಟ್ಟಳೆಗಳೂ ಹಾಗೇ ಬಿಗಿ. ಹೊರಗಿನವರು ಹುಳದ ಮನೆಯ ಹೊಸಿಲು ದಾಟುವಂತಿಲ್ಲ. ಮನೆಯವರೂ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕಾಲು ಅದ್ದದೆ ಒಳಗೆ ಕಾಲಿಡುವಂತಿಲ್ಲ. ಇನ್ನೊಂದು ಕಟ್ಟಳೆ ಅವಳದಷ್ಟೇ ಅಲ್ಲ, ನಮ್ಮ ಸೀಮೆಯದ್ದೇ: ಹುಳ ಮನೆಯಲ್ಲಿರುವಾಗ ಬೆಳೆ ಹೇಗಿದೆ ಎಂದು ಯಾರಿಗೂ ಹೇಳಬಾರದು. ಚೆನ್ನಾಗಿದೆ ಎಂದರೆ ಕಣ್ಣು ಬೀಳುತ್ತದೆ, ಚೆನ್ನಾಗಿಲ್ಲ ಎಂದರೆ ಬಾಯಿಂದ ಬಂದದ್ದು ನಿಜವಾಗುತ್ತದೆ. ಹುಳ ಹೇಗಿವೆ ಎಂದು ಯಾರು ಕೇಳಿದರೂ ಉತ್ತರ ಒಂದೇ, "ಏನೋ ಅವೆ." ಹುಳ ಗುಂಡಗೆ ಮಿಂಚುತ್ತಿದ್ದರೂ ಏನೋ ಅವೆ, ತಿಪ್ಪೆಗೆ ಸುರಿಯುತ್ತಿದ್ದರೂ ಏನೋ ಅವೆ. ನಾನು ಇದನ್ನು ಮೂಢನಂಬಿಕೆ ಎಂದು ಒಂದು ಬರಹದಲ್ಲಿ ಹಾಸ್ಯ ಮಾಡುವವನಿದ್ದೆ.

ಬರಹಕ್ಕೆ ಫೋಟೋ ಬೇಕಾಗಿತ್ತು. ಅದೇ ಫ್ಯಾಕ್ಟರಿಯ ಪ್ಯಾಕಿಂಗ್ ವಿಭಾಗದಲ್ಲಿದ್ದ ಗೆಳೆಯನ ಬಳಿ ಡಿಜಿಟಲ್ ಕ್ಯಾಮೆರಾ ಇತ್ತು. ಅವನ ಊರೂ ಸಾತನೂರಿನ ಆಚೆಗೆ, ಅವರ ಮನೆಯಲ್ಲೂ ಹುಳ. ಕ್ಯಾಮೆರಾವನ್ನು ನನ್ನ ಕೈಗೆ ಕೊಡಲು ಅವನಿಗೆ ಧೈರ್ಯ ಸಾಲದೆ ತಾನೇ ಬರುತ್ತೇನೆ ಎಂದ. ಆ ಭಾನುವಾರ ಬೆಳಿಗ್ಗೆ ಬಸ್ಸಿಳಿದವನನ್ನು ಮನೆಯ ಕಡೆ ಕರೆತರುತ್ತಾ ಮಾತಿಗೆಂದು ಕೇಳಿದೆ, ನಿಮ್ಮ ಹುಳ ಹೇಗಿವೆ ಎಂದು.

"ಏನೋ ಅವೆ ಕಣ್ಲಾ," ಎಂದ.

ಅವ್ವ ಸೊಪ್ಪು ಕೊಯ್ಯಲು ತೋಟಕ್ಕೆ ಹೋಗಿದ್ದಳು. ಹುಳ ಪೊರೆ ಬಿಡುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯ, ಅಂದರೆ ಕೊನೆಯ ಜ್ವರದಿಂದ ಎದ್ದು ಎರಡು ದಿನವಾಗಿತ್ತು. ಹುಳ ಬೆರಳುದ್ದ ಬೆಳೆದು ಬೆಳ್ಳಗೆ, ತಣ್ಣಗಿದ್ದವು, ಅವು ಸೊಪ್ಪು ಕಡಿಯುವ ಸದ್ದು ಮನೆ ತುಂಬಿತ್ತು. ಎರಡು ನಿಮಿಷದ ಕೆಲಸಕ್ಕೆ ಕಾಲು ತೊಳೆಯುವುದೇಕೆ ಎಂದು ನಾನೇ ಅಂದೆ. ಗೆಳೆಯ ಕಲಾವಿದ. ಹುಳಗಳು ಫೋಟೋದಲ್ಲಿ ಚೆನ್ನಾಗಿ ಕಾಣಲೆಂದು ಹುಳ ಸಾಕುವ ಬಿದಿರಿನ ನಾಲ್ಕು ತಟ್ಟೆಗಳಿಂದ ಆರಿಸಿ, ಕೈಯಾರೆ ಎತ್ತಿ ಸಾಲಾಗಿ ಮಲಗಿಸಿದ. ಇಪ್ಪತ್ತು ಫೋಟೋ ತೆಗೆದ. ಅವ್ವ ಬರುವ ಮೊದಲು ಅವನನ್ನು ಬಸ್ಸು ಹತ್ತಿಸಿ, ನಾನೂ ಅದೇ ಬಸ್ಸಿನಲ್ಲಿ ಕನಕಪುರಕ್ಕೆ ಹೋದೆ.

ನಮ್ಮ ಅವ್ವನ ಹುಳದಂಥ ಹುಳ ಈ ಸೀಮೆಯಲ್ಲೇ ಇಲ್ಲ, ರೋಗವಿಲ್ಲ, ರುಜಿನವಿಲ್ಲ, ಈ ಸಲದ ಗೂಡು ರಾಮನಗರದ ಮಾರ್ಕೆಟ್ಟಿನಲ್ಲಿ ಹೆಸರು ಮಾಡುತ್ತದೆ ಎಂದು ಬರೆದೆ. ಏನೋ ಅವೆ ಎಂಬ ಮಾತಿಗೆ ನಗಾಡಿದೆ. ಮೂರು ಫೋಟೋ ಸೇರಿಸಿದೆ. ಗುರುವಾರ ಫ್ಯಾಕ್ಟರಿಯಲ್ಲಿ ಊಟದ ಹೊತ್ತಿಗೆ ತೆರೆದು ನೋಡಿದರೆ ಕೌಂಟರ್ ನಾನೂರು ದಾಟಿತ್ತು. ಬರಹದ ಕೆಳಗೆ ಇಂಗ್ಲಿಷಿನಲ್ಲಿ ಹದಿನಾಲ್ಕು ಕಾಮೆಂಟು. ತುಂಬ ಒಳ್ಳೆಯ ಮಾಹಿತಿ, ಹೀಗೇ ಬರೆಯುತ್ತಿರಿ, ಎಂದು ಎಲ್ಲರೂ ಹೊಗಳಿ, ತಮ್ಮ ಔಷಧಿ ಅಂಗಡಿಯ ವಿಳಾಸವನ್ನೂ ಕೊಟ್ಟಿದ್ದರು. ಕನ್ನಡ ಓದಲು ಬರುವ ಇಷ್ಟು ಔಷಧಿ ವ್ಯಾಪಾರಿಗಳು ಎಲ್ಲಿದ್ದರು ಎಂದು ನನಗೆ ಅನುಮಾನ ಬರಬೇಕಿತ್ತು. ಹೊಗಳಿಕೆ ಕೇಳಿದವನಿಗೆ ಅನುಮಾನ ಎಲ್ಲಿಂದ ಬರುತ್ತದೆ?

ಸಂಜೆ ಮನೆಗೆ ಬಂದವನೇ ಅವ್ವನಿಗೆ ಹೇಳಿದೆ. ನಿನ್ನ ಹುಳವನ್ನು ನಾನೂರು ಜನ ನೋಡಿದ್ದಾರೆ ಎಂದೆ. ಫೋಟೋ ನಾನೇ ತೆಗೆದೆ ಎಂದೂ ಸೇರಿಸಿದೆ. ಅವಳು ಸೊಪ್ಪಿನ ಕಟ್ಟು ಬಿಚ್ಚುತ್ತಿದ್ದಳು. ಕೈ ನಿಂತಿತು.

"ಯಾವೂರೋರು?" ಎಂದಳು.

ಎಲ್ಲ ಊರಿನವರು, ಅಮೆರಿಕ, ರಷ್ಯಾದವರೂ ಇದ್ದಾರೆ ಎಂದೆ. ಅವರಿಗೂ ಹುಳ ಇವೆಯಾ ಎಂದು ಕೇಳಿದಳು. ಇಲ್ಲ, ಔಷಧಿ ಮಾರುತ್ತಾರಂತೆ ಎಂದೆ. ಔಷಧಿ ಮಾರುವವರಿಗೆ ನಮ್ಮ ಹುಳ ಯಾಕೆ ಬೇಕು ಎಂದಳು. ಆ ಬ್ಲಾಗಿಗೆ ಇಷ್ಟು ಓದುಗರಿದ್ದಾರೆ ಎಂದು ಮನಸಾರೆ ನಂಬಿದವರು ಈ ಜಗತ್ತಿನಲ್ಲಿ ಇಬ್ಬರೇ, ನಾನು ಮತ್ತು ಓದಲು ಬಾರದ ಅವ್ವ. ನನಗೆ ಖುಷಿ, ಅವಳಿಗೆ ಭಯ. ಮೆಣಸಿನಕಾಯಿಯ ಘಾಟು ಹುಳಕ್ಕೆ ಆಗದೆಂದು ದೂರದಲ್ಲಿದ್ದ ದನದ ಹಟ್ಟಿಯ ಒಲೆಯಲ್ಲಿ ಬೆಂಕಿ ಮಾಡಿ, ಉಪ್ಪು ಮೆಣಸಿನಕಾಯಿ ಹಿಡಿದು ಹುಳದ ಮನೆಯ ದಿಕ್ಕಿಗೆ ದೃಷ್ಟಿಯ ಇಳಿ ತೆಗೆದಳು. ಊರ ಕಣ್ಣು, ಕೇರಿ ಕಣ್ಣು ಎಂದು ಹೇಳುವ ಕಡೆ ಒಂದು ಗಳಿಗೆ ತಡೆದು, ಅಮೆರಿಕವನ್ನೂ ಸೇರಿಸಿದಳು. ನಾನು ಮೀಸೆಯ ಕೆಳಗೆ ನಕ್ಕೆ.

ಶನಿವಾರ ಬೆಳಿಗ್ಗೆ ಅವ್ವ ಹುಳದ ಮನೆಯಿಂದ ಹೊರಗೆ ಬಂದು ಜಗಲಿಯ ಮೇಲೆ ಕೂತಳು. ಸೊಪ್ಪು ಹಾಕುವ ಹೊತ್ತಿನಲ್ಲಿ ಅವಳು ಕೂತದ್ದನ್ನು ನಾನು ಕಂಡಿರಲಿಲ್ಲ. ಒಳಗೆ ಹೋಗಿ ನೋಡಿದೆ. ನಾಲ್ಕು ತಟ್ಟೆಯಲ್ಲಿ ಹುಳ ಸೆಟೆದು ಮಲಗಿದ್ದವು. ಮಾರನೆಯ ದಿನ ಅವುಗಳ ಮೇಲೆ ಬಿಳಿ ಪುಡಿ ಬಂದು ಸೀಮೆಸುಣ್ಣದ ತುಂಡುಗಳ ಹಾಗಾದವು. ಸುಣ್ಣಕಟ್ಟು ರೋಗ. ಹಣ್ಣಾಗಿ ಗೂಡು ಕಟ್ಟಲು ಎರಡು ದಿನವಿರುವಾಗ ಒಂದೊಂದೇ ತಟ್ಟೆ ಹೋಯಿತು. ಅಪ್ಪ ಹಿತ್ತಲಲ್ಲಿ ಗುಂಡಿ ತೋಡಿದ. ಅವ್ವ ಮಂಕರಿಯಲ್ಲಿ ಹೊತ್ತು ತಂದು ಸುರಿದಳು. ಸಹಾಯಕ್ಕೆ ಹೋದ ನನಗೆ ಬೇಡವೆಂದು ಕೈ ಸನ್ನೆ ಮಾಡಿದಳು. ನನಗೆ ಅದು ಚುಚ್ಚಿತು, ಆದರೆ ಕಾರಣ ಹೊಳೆಯಲಿಲ್ಲ.

ಊರಿನಲ್ಲಿ ಸುದ್ದಿಯಾಯಿತು. ಅವಳ ಕೈಯಲ್ಲೇ ಬೆಳೆ ಹೋಯಿತಂತೆ ಎಂದು ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂತರು. ಎಲ್ಲರಿಗೂ ಅವ್ವ ಹೇಳಿದ್ದು ಒಂದೇ: ಮಗ ಕಂಪ್ಯೂಟರಿನಲ್ಲಿ ಹುಳವನ್ನು ಹಾಕಿದ್ದ, ನಾನೂರು ಜನರ ಕಣ್ಣು ಬಿತ್ತು. ಕೇಳಿದವರು ನನ್ನ ಕಡೆ ನೋಡುವ ನೋಟವೇ ಬದಲಾಯಿತು. ಹನ್ನೊಂದು ತಿಂಗಳು ಬೆವರು ಹರಿಸಿದರೂ ಸಿಗದಿದ್ದ ಮರ್ಯಾದೆ ಒಂದೇ ವಾರದಲ್ಲಿ ಸಿಕ್ಕಿತು. ನಾನು ಬೀದಿಯಲ್ಲಿ ನಡೆದರೆ ಹುಳದ ಮನೆಗಳ ಬಾಗಿಲು ಮುಚ್ಚುತ್ತಿದ್ದವು. ನಮ್ಮ ಹುಳದ ಬಗ್ಗೆ ಮಾತ್ರ ಬರೆಯಬೇಡಪ್ಪ ಎಂದು ಒಬ್ಬರು ಕೋಳಿಮೊಟ್ಟೆ ತಂದುಕೊಟ್ಟರು. ಇನ್ನೊಬ್ಬರು ಗುಟ್ಟಾಗಿ ಕರೆದು, ತಮ್ಮ ದಾಯಾದಿಯ ಹುಳದ ಫೋಟೋ ಒಂದನ್ನು ಅದರಲ್ಲಿ ಹಾಕಲು ಏನು ಕೊಡಬೇಕು ಎಂದು ವಿಚಾರಿಸಿದರು. ಓದುಗರೇ ಇಲ್ಲದೆ ಇಷ್ಟು ಪ್ರಭಾವ ಬೀರಿದ ಬರಹಗಾರ ಬೇರೆಲ್ಲೂ ಇರಲಾರ.

ನಾನು ಮಾತ್ರ ಕಣ್ಣು, ದೃಷ್ಟಿ ಎಂಬುದೆಲ್ಲ ಸುಳ್ಳು ಎಂದು ವಾದಿಸುತ್ತಲೇ ಇದ್ದೆ. ರೇಷ್ಮೆ ಇಲಾಖೆಯವರೊಬ್ಬರು ಬಂದು ನೋಡಿದಾಗ ಹಿಗ್ಗಿದೆ, ವಿಜ್ಞಾನ ಬಂತು ಎಂದು. ಅವರು ಸತ್ತ ಹುಳವನ್ನು ಕಡ್ಡಿಯಲ್ಲಿ ತಿರುವಿ ನೋಡಿ, ಇದು ಅಂಟು ರೋಗ, ರೋಗವಿರುವ ಮನೆಯಿಂದ ಯಾರಾದರೂ ಬಂದು ಹುಳ ಮುಟ್ಟಿದ್ದರಾ ಎಂದು ಕೇಳಿದರು. ಅವ್ವ ಇಲ್ಲ ಎಂದಳು. ನನ್ನ ಹಿಗ್ಗು ಇಳಿದುಹೋಯಿತು. ಮೊದಲು ಹೋದ ನಾಲ್ಕು ತಟ್ಟೆ ಯಾವುವೆಂದು ನನಗೆ ಆಗ ಹೊಳೆಯಿತು.

ಮರುದಿನ ಪ್ಯಾಕಿಂಗ್ ವಿಭಾಗಕ್ಕೆ ಹೋಗಿ ಗೆಳೆಯನನ್ನು ಪಕ್ಕಕ್ಕೆ ಕರೆದೆ. ಅವರ ಹುಳವನ್ನೂ ಗುಂಡಿಗೆ ಹಾಕಿದ್ದರು, ನಮಗಿಂತ ವಾರ ಮೊದಲೇ. ಫೋಟೋ ತೆಗೆಯಲು ಬಂದ ಬೆಳಿಗ್ಗೆ ಅವನು ತನ್ನ ಕೈಯಾರೆ ಸತ್ತ ಹುಳ ತೆಗೆದು ತಟ್ಟೆ ಬಳಿದು ಬಂದಿದ್ದ.

"ಹುಳ ಹೆಂಗವೆ ಅಂತ ಕೇಳಿದ್ನಲ್ಲಲಾ ಅವತ್ತು," ಎಂದೆ.

"ಕೇಳ್ದೆ. ಹಂಗ್ ಕೇಳುದ್ರೆ ಇನ್ನೇನ್ ಯೋಳಾದು?" ಎಂದ. ಅವನ ಮುಖ ನೋಡಿ ಬಯ್ಯಲಾಗಲಿಲ್ಲ. ಲೋಕಕ್ಕೆಲ್ಲ ಸಾರಿದವನು ನಾನು, ಒಬ್ಬನಿಗೂ ಹೇಳದವನು ಅವನು. ಇಬ್ಬರೂ ಸೇರಿ ಅವ್ವನ ಹೆಸರನ್ನು ಗುಂಡಿಗೆ ಹಾಕಿದ್ದೆವು.

ಇದನ್ನು ಅವ್ವನಿಗೆ ಹೇಳಲು ನಾಲಿಗೆ ಬರಲಿಲ್ಲ. ಭಾನುವಾರ ಕನಕಪುರಕ್ಕೆ ಹೋಗಿ ಬ್ಲಾಗಿನಲ್ಲಿ ಬರೆದೆ. ಕಾಲು ತೊಳೆಯದೆ ಗೆಳೆಯನನ್ನು ಒಳಗೆ ಬಿಟ್ಟವನು ನಾನು, ಫೋಟೋ ನಾನು ತೆಗೆದದ್ದಲ್ಲ, ಅವ್ವನ ಕೈಯಲ್ಲಿ ದೋಷವಿಲ್ಲ ಎಂದು ಒಂದನ್ನೂ ಮುಚ್ಚಿಡದೆ ಬರೆದೆ. ನಾನು ಬರೆದುದರಲ್ಲಿ ಅದೊಂದೇ ಓದಲು ಯೋಗ್ಯವಾದದ್ದು. ಮರುದಿನ ಅದಕ್ಕೊಂದು ಕಾಮೆಂಟು ಬಂದಿತ್ತು. ತುಂಬ ಒಳ್ಳೆಯ ಮಾಹಿತಿ, ಹೀಗೇ ಬರೆಯುತ್ತಿರಿ.

ಆ ವಾರ ಫ್ಯಾಕ್ಟರಿಗೆ ಬಂದ ಇಂಜಿನಿಯರಿಗೆ ತೋರಿಸಿದೆ. ಅವರು ಸರ್ವರಿನ ದಾಖಲೆ ತೆರೆದು ಹೊಟ್ಟೆ ಹಿಡಿದು ನಕ್ಕರು. ಆ ನಾನೂರು ಮನುಷ್ಯರಲ್ಲ, ಬೇಲಿಯಿಲ್ಲದ ಹೊಲಕ್ಕೆ ದನ ನುಗ್ಗುವ ಹಾಗೆ ಕಂಡ ಕಂಡ ಪುಟಕ್ಕೆ ನುಗ್ಗಿ ಜಾಹೀರಾತು ಅಂಟಿಸಿ ಹೋಗುವ ಪ್ರೋಗ್ರಾಂಗಳು ಎಂದರು. ಕಾಮೆಂಟಿಗೆ ಬೇಲಿ ಹಾಕುವುದು ಹೇಗೆಂದು ಕೈಪಿಡಿಯ ಕೊನೆಯ ಅಧ್ಯಾಯದಲ್ಲಿತ್ತು. ನಾನು ಅಲ್ಲಿಯವರೆಗೆ ಓದಿರಲಿಲ್ಲ. ಅವ್ವನ ಹುಳವನ್ನು ಒಂದು ನರಪಿಳ್ಳೆಯೂ ನೋಡಿರಲಿಲ್ಲ.

ಮುಂದಿನ ಬೆಳೆಗೆ ಅವ್ವ ಹುಳದ ಮನೆ ತೊಳೆಯುತ್ತಿದ್ದಾಗ, ಇನ್ನು ತಡೆಯಲಾರದೆ, ಹೊಸಿಲಿನ ಈಚೆ ನಿಂತು ಶುರು ಮಾಡಿದೆ. ಅವ್ವ, ಆ ನಾನೂರು ಜನ ಜನವೇ ಅಲ್ಲವಂತೆ, ಬರೀ ಯಂತ್ರವಂತೆ, ಯಾರ ಕಣ್ಣೂ ಬಿದ್ದಿಲ್ಲ, ಎಂದೆ. ಅವಳು ತಟ್ಟೆ ಉಜ್ಜುವುದನ್ನು ನಿಲ್ಲಿಸಲಿಲ್ಲ.

"ನಿನ್ ಗೆಣೆಕಾರ್ನ ಒಳೀಕ್ ಬುಟ್ಕಂಡಿದ್ದುನ್ನ ನಾನ್ ಕಂಡಿವ್ನಿ," ಎಂದಳು. "ಸೊಪ್ಪಿನ್ ಹೊರೆ ಹೊತ್ಕಂಡ್ ಬತ್ತಿದ್ದೆ. ನೀವಿಬ್ರೂ ಬಾಗ್ಲಿಂದ ಈಚೆಗ್ ಬಂದ್ರಿ. ಅವನ್ ಮುಂದೆ ನಿನ್ನ ಬಯ್ಯಾದ್ ಬ್ಯಾಡ ಅಂತ ಬೇಲಿ ಮರೇಲಿ ನಿಂತ್ಕಂಡೆ."

ಹಾಗಾದರೆ ಇಲಾಖೆಯವರಿಗೆ ಇಲ್ಲ ಎಂದದ್ದು ಯಾಕೆ, ಊರಿಗೆಲ್ಲ ಕಣ್ಣು ಎಂದದ್ದು ಯಾಕೆ ಎಂದು ಕೇಳಿದೆ.

"ಇನ್ನೇನ್ ಅನ್ಲಿ? ಸುಮ್ಕಿದ್ರೆ ನನ್ ಕೈ ಕೆಡ್ತು ಅಂತಾರೆ. ದಿಟ ಯೋಳುದ್ರೆ ಮಗನ್ ಕಾಲು ಕೆಟ್ಟದ್ದು ಅಂತಾರೆ. ನಾಳೆ ನಿಂಗೆ ಹೆಣ್ ಕೊಡೋರ್ ಬರ್ಬೇಕು. ಅದ್ಕೇ ಎಲ್ಲೋ ಇರೋರ್ ಕಣ್ಣು ಅಂದೆ. ಅವ್ರೇನ್ ಕೇಳಕ್ ಬಂದಾರಾ?"

ನನಗೆ ನಾಚಿಕೆಯಾಯಿತು. ಅಲ್ಲೇ ಹೊಸಿಲಿನ ಮೇಲೆ ಕೂತು ಅತ್ತೆ. ಅವ್ವ ಇನ್ನೊಂದು ತಟ್ಟೆ ಕೈಗೆತ್ತಿಕೊಂಡು, ನಾಳೆ ಮೇಲಿನ ಕೇರಿಯಲ್ಲಿ ಹುಳ ತರುತ್ತಾರೆ, ಮೊದಲ ಸೊಪ್ಪು ಹಾಕಲು ಬಾ ಎಂದು ಹೇಳಿಹೋಗಿದ್ದಾರೆ ಎಂದು ತಿಳಿಸಿದಳು. ಆ ಬ್ಲಾಗನ್ನು ತೆಗೆದುಹಾಕುತ್ತೇನೆ ಎಂದೆ. ಆಗ ಮಾತ್ರ ಅವಳು ತಲೆ ಎತ್ತಿದಳು.

"ಬ್ಯಾಡ. ಇರ್ಲಿ ಅದು. ಕಿತ್ತಾಕುದ್ರೆ ಆ ಕಣ್ಣಿನ್ ಮಾತ್ ಯಾರ್ ನಂಬಾರು?"

ಆ ಭಾನುವಾರ ಹೋಗಿ ನಿಜ ಬರೆದಿದ್ದ ಆ ಒಂದು ಬರಹವನ್ನು ಅಳಿಸಿದೆ. ಊರಿನಲ್ಲಿ ಓದಬಲ್ಲವರು ಯಾರಾದರೂ ಎಂದಾದರೂ ನೋಡಿಯಾರು ಎಂಬ ಭಯ ನನಗೆ ಮೊದಲ ಸಲ ಬಂದಿತ್ತು. ಉಳಿದದ್ದನ್ನೆಲ್ಲ ಹಾಗೇ ಬಿಟ್ಟೆ. ಆಮೇಲೆ ಫ್ರೇಮ್‌ವರ್ಕಿನ ಎಷ್ಟೋ ಆವೃತ್ತಿಗಳು ಬಂದವು, ಪ್ರತಿ ಸಲವೂ ಗೋಡೆ ಬಿಚ್ಚಿ ಕಟ್ಟಿದೆ. ಓದುವವರಿಲ್ಲದ ಬ್ಲಾಗಿಗೆ ಇಷ್ಟು ಪಾಡೇಕೆ ಎಂದು ಇಂಜಿನಿಯರ್ ಕೇಳುತ್ತಿದ್ದರು. ಅವ್ವನಿಗೆ ಬೇಕು ಎನ್ನುತ್ತಿದ್ದೆ. ಅವರು ಅದನ್ನು ತಮಾಷೆ ಎಂದುಕೊಳ್ಳುತ್ತಿದ್ದರು.